ಆಟಿ ಹದಿನೆಂಟರ ಸೊಪ್ಪು

ಮೂರ್ನಾಡು ಪೇಟೆ ದಾಟಿ ಕಾರು ಮಡಿಕೇರಿ ರಸ್ತೆಗೆ ಹೊರಳಿದಾಗ ಆ ಹಾಡು ಬಂತು. ಯಾರೂ ಬೇಕೆಂದು ಹಾಕಿದ್ದಲ್ಲ. ನನ್ನ ಮೊಬೈಲ್ ಅಣ್ಣನ ಕಾರಿನ ಸ್ಪೀಕರಿಗೆ ಜೋಡಣೆಯಾಗಿತ್ತು, ಹಿಂದಿನದು ಮುಗಿದ ಮೇಲೆ ಮುಂದಿನದು ತಾನಾಗಿ ಶುರುವಾಯಿತು. ಎರಡು ಸ್ವರ ಕೇಳಿದ್ದೇ ತಡ, ಅಣ್ಣನ ಎಡಗೈ ಗೇರಿನಿಂದ ಎದ್ದು ಗುಂಡಿಯ ಕಡೆಗೆ ಹೋಯಿತು. ಅವನು ನನ್ನ ಮುಖ ನೋಡಲಿಲ್ಲ, ಬಾಯಿ ತೆರೆಯಲೂ ಇಲ್ಲ. ಬಿಸಿ ಪಾತ್ರೆಗೆ ಬೆರಳು ತಾಗಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದಲ್ಲ, ಆ ಥರದ ಚಲನೆ ಅದು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ಅಜ್ಜ, "ಇರಲಿ ಬಿಡು, ಹಾಡಲಿ" ಎಂದರು. ಅಣ್ಣನ ಬೆರಳು ಗುಂಡಿಯ ಮೇಲೆ ಒಂದು ಕ್ಷಣ ನಿಂತು ಮತ್ತೆ ಗೇರಿಗೆ ಮರಳಿತು.

ಇದು ಕಳೆದ ಮಳೆಗಾಲದ ಆಟಿ ತಿಂಗಳ ಮಾತು. ಆ ಬೆರಳು ಆವತ್ತಿನಿಂದ ನನ್ನನ್ನು ಕಾಡುತ್ತಿದೆ. ನಮ್ಮ ಕಡೆ ಅಣ್ಣತಮ್ಮಂದಿರ ನಡುವೆ ತಕರಾರು ಎಂದರೆ ಬೇಲಿಯದ್ದು, ನೀರಿನದ್ದು, ಪಾಲಿನದ್ದು. ನನಗೂ ದೊಡ್ಡಪ್ಪನ ಮಗನಾದ ಈ ಅಣ್ಣನಿಗೂ ಅಂಥದ್ದೊಂದೂ ಇಲ್ಲ. ಎರಡು ಮನೆಗೂ ಒಂದೇ ಕಣ, ಕಾಫಿ ಒಣಗಿಸುವುದು ಒಟ್ಟಿಗೇ, ಕರಿಮೆಣಸು ಮಾರುವುದೂ ಒಟ್ಟಿಗೇ. ನಮ್ಮ ನಡುವೆ ಇರುವುದು ಒಂದೇ ಒಂದು ತಕರಾರು. ಅದಕ್ಕೆ ಹದಿನೈದು ವರ್ಷಗಳಾದವು. ಅದು ಅಮೆರಿಕದ ಹಾಡುಗಾರ ಸುಫ್ಯಾನ್ ಸ್ಟೀವನ್ಸ್ 2010ರ ಅಕ್ಟೋಬರಿನಲ್ಲಿ ತಂದ 'ದಿ ಏಜ್ ಆಫ್ ಆಡ್ಸ್' ಎಂಬ ಆಲ್ಬಂ.

ಆ ಆಲ್ಬಂ ಬಂದಾಗ ಇಬ್ಭಾಗವಾದದ್ದು ನಮ್ಮ ಮನೆಯೊಂದೇ ಅಲ್ಲ. ಅವನನ್ನು ಪ್ರೀತಿಸುತ್ತಿದ್ದವರೆಲ್ಲ ಎಲ್ಲ ಕಡೆಯೂ ಹೀಗೆಯೇ ಎರಡಾದರು. ವಿಮರ್ಶಕರಲ್ಲಿ ಬಹಳ ಮಂದಿ ಮೆಚ್ಚಿದರು, ಮೆಚ್ಚಿದವರಲ್ಲೂ ಕೆಲವರು 'ಅತಿಯಾಯಿತು' ಎಂಬ ಮಾತನ್ನು ಎಲ್ಲೋ ಒಂದು ಕಡೆ ಸೇರಿಸಿದರು. ಆದರೆ ಲೋಕದ ಜಗಳ ಲೋಕಕ್ಕೆ. ನನಗೆ ಗೊತ್ತಿರುವುದು ನಮ್ಮ ಜಗಲಿಯದ್ದು.

ನಲವತ್ತೆಂಟು ಬಾಕಿ

ಸುಫ್ಯಾನನನ್ನು ಮನೆಗೆ ಕರೆತಂದವನು ಅಣ್ಣನೇ. ಆಗ ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. 2006ರ ಮಳೆಗಾಲದಲ್ಲಿ ರಜೆಗೆ ಬಂದವನ ಚೀಲದಲ್ಲಿ ಒಂದು ಸಿ.ಡಿ. ಇತ್ತು, ಅದರ ಮೇಲೆ ನೀಲಿ ಮಾರ್ಕರಿನಲ್ಲಿ 'ಇಲಿನಾಯ್' ಎಂದು ಬರೆದಿತ್ತು. ಹಿಂದಿನ ವರ್ಷವಷ್ಟೇ ಬಂದಿದ್ದ ಆಲ್ಬಂ, ಇಪ್ಪತ್ತೆರಡು ಹಾಡು. ಬ್ಯಾಂಜೋ, ಕೊಳಲು, ಪಿಟೀಲು, ಕಹಳೆ, ಹಿಂದೆ ಸಣ್ಣದೊಂದು ಹಾಡುಗಾರರ ಗುಂಪು. ಇವೆಲ್ಲದರ ಮುಂದೆ ಪಕ್ಕದಲ್ಲಿ ಕುಳಿತು ಮಾತಾಡುವಷ್ಟು ಮೆಲ್ಲಗಿನ ಗಂಡುದನಿ. ಮಳೆ ಹೆಂಚಿನ ಮೇಲೆ ಹೊಯ್ಯುವಾಗ ಮನೆಯಲ್ಲಿ ಮಾತಾಡಿದರೂ ಕೇಳಿಸುವುದಿಲ್ಲ. ಆದರೂ ಆ ದನಿ ಕೇಳಿಸುತ್ತಿತ್ತು. ಜೋರಾಗಿದ್ದುದರಿಂದಲ್ಲ, ಅದನ್ನು ಕೇಳಬೇಕೆಂದು ನಾವೇ ಮುಂದಕ್ಕೆ ಬಾಗುತ್ತಿದ್ದುದರಿಂದ. ಮೂಳೆಯ ಕ್ಯಾನ್ಸರಿನಿಂದ ತೀರಿಕೊಳ್ಳುವ ಗೆಳತಿಯೊಬ್ಬಳ ಹಾಡು ಅದರಲ್ಲಿದೆ. ಅದರಲ್ಲಿ ಅಳುವಿಲ್ಲ, ಆರ್ಭಟವಿಲ್ಲ. ಅಣ್ಣ ಅದನ್ನು ಒಂದೇ ಮಧ್ಯಾಹ್ನ ಎಷ್ಟು ಸಲ ಹಾಕಿದನೆಂದರೆ ಅಡುಗೆಮನೆಯಿಂದ ದೊಡ್ಡಮ್ಮ ಅದರ ರಾಗವನ್ನು ಗುನುಗತೊಡಗಿದರು.

ಅಮೆರಿಕದ ಐವತ್ತು ರಾಜ್ಯಗಳಿಗೆ ಒಂದೊಂದರಂತೆ ಆಲ್ಬಂ ಮಾಡುತ್ತೇನೆ ಎಂದು ಸುಫ್ಯಾನ್ ಹೇಳಿಕೊಂಡಿದ್ದ. 2003ರಲ್ಲಿ ತನ್ನ ಹುಟ್ಟೂರಿನ ರಾಜ್ಯವಾದ ಮಿಷಿಗನ್ನಿನಿಂದ ಶುರುಮಾಡಿದ್ದ, ಇಲಿನಾಯ್ ಎರಡನೆಯದು. ಅಣ್ಣ ಅದನ್ನು ಅಕ್ಷರಶಃ ನಂಬಿದ್ದ. "ಎರಡಾಯಿತು, ನಲವತ್ತೆಂಟು ಬಾಕಿ" ಎಂದು ಸಾಲ ಕೊಟ್ಟವನ ಹಾಗೆ ಲೆಕ್ಕ ಇಟ್ಟಿದ್ದ. ಕರೆಂಟ್ ಇಲ್ಲದ ರಾತ್ರಿಗಳಲ್ಲಿ ನಾವಿಬ್ಬರೂ ಕೊಡಗಿಗೂ ಅಂಥದೊಂದು ಆಲ್ಬಂ ಕಟ್ಟುತ್ತಿದ್ದೆವು. ಆಗ ನಮಗಿದ್ದದ್ದು ಮೂರೇ ತಾಲ್ಲೂಕು. ಮಾಂದಲಪಟ್ಟಿಗೆ ಒಂದು ಹಾಡು, ಹಾರಂಗಿಯ ಹಿನ್ನೀರಿಗೆ ಒಂದು, ಸೋಮವಾರಪೇಟೆಯ ಬಸ್ ನಿಲ್ದಾಣಕ್ಕೆ ಒಂದು, ಜಿಗಣೆಗೆ ಎರಡು ನಿಮಿಷದ ಒಂದು. ಯಾವುದಕ್ಕೆ ಬ್ಯಾಂಜೋ, ಯಾವುದಕ್ಕೆ ಬರೀ ಗಿಟಾರ್ ಎಂದು ನಿರ್ಧರಿಸುವವನು ಅಣ್ಣ. ನನಗೆ ಆಗ ಹದಿನೆಂಟು. ಹಾಡು ಎಂದರೆ ಊರು, ಊರು ಎಂದರೆ ಮನುಷ್ಯರ ಹೆಸರು ಎಂಬುದನ್ನು ಕಲಿತದ್ದು ಆ ಕತ್ತಲಲ್ಲಿ.

ಹಾಗಾಗಿ 2010ರಲ್ಲಿ ಅಣ್ಣನಿಗೆ ಆದದ್ದು ಬರೀ ಬೇಸರವಲ್ಲ. ಅದನ್ನು ಅರ್ಥಮಾಡಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು.

ಒಂದೊಂದು ಕಿವಿ

ಆ ವರ್ಷ ವಿಜಯದಶಮಿ ಅಕ್ಟೋಬರ್ 17ಕ್ಕೆ. ಆಲ್ಬಂ ಬಂದದ್ದು 12ಕ್ಕೆ. ಅಣ್ಣ ದಸರಾ ರಜೆಗೆಂದು ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಮನೆ ಸೇರಿದ. ಹಾಡುಗಳನ್ನು ಎಂಪಿತ್ರೀ ಪ್ಲೇಯರಿಗೆ ತುಂಬಿಸಿಕೊಂಡಿದ್ದರೂ ದಾರಿಯಲ್ಲಿ ಕೇಳಿರಲಿಲ್ಲ, ಇಬ್ಬರೂ ಒಟ್ಟಿಗೇ ಕೇಳಬೇಕೆಂದು ಇಟ್ಟುಕೊಂಡಿದ್ದ. ಜಗಲಿಯ ಮೇಲೆ ಕುಳಿತೆವು. ಇಯರ್‌ಫೋನ್ ಒಂದೇ. ಬಲಗಿವಿಯದ್ದು ಅವನಿಗೆ, ಎಡಗಿವಿಯದ್ದು ನನಗೆ.

ಮೊದಲ ಹಾಡು ಎರಡೇ ನಿಮಿಷದ್ದು. ಗಿಟಾರ್, ಪಿಯಾನೋ, ಆ ಮೆಲುದನಿ. ಅಣ್ಣ ಕಣ್ಣುಮುಚ್ಚಿ ತಲೆಯಾಡಿಸಿದ. ಹೊರಗೆ ಬಿಸಿಲು ಬಂದಿತ್ತು, ಕಣದ ಅಂಚಿನಲ್ಲಿ ಪಾಚಿ ಒಣಗುವ ವಾಸನೆ. ಎರಡನೆಯ ಹಾಡು ಶುರುವಾಯಿತು. ಮೊದಲು ಗುಳ್ಳೆ ಒಡೆದಂಥ ಸದ್ದು, ಆಮೇಲೆ ಯಾವುದೋ ಯಂತ್ರ ಕೆಮ್ಮಿದ ಹಾಗೆ ತಾಳ, ಅದರ ಮೇಲೆ ಒಂದರ ಬೆನ್ನಿಗೊಂದು ಹತ್ತಿಕೊಳ್ಳುವ ಕೊಳಲು ಕಹಳೆಗಳು. ಹಾಡಿನ ಹೆಸರೇ 'ಅತಿ' ಎಂದು. ಅಣ್ಣ ಪ್ಲೇಯರನ್ನು ಎತ್ತಿ ನೋಡಿದ, ಫೈಲು ಕೆಟ್ಟಿದೆಯೇನೋ ಎಂದು. ನಾನು ನಕ್ಕೆ. ಮೂರನೆಯದು, ನಾಲ್ಕನೆಯದು. ಅವನ ಮುಖ ಸ್ವಲ್ಪ ಸ್ವಲ್ಪವಾಗಿ ಮುಚ್ಚಿಕೊಳ್ಳುತ್ತ ಹೋಯಿತು, ನಾನು ಒಳಗೊಳಗೇ ಬಿಚ್ಚಿಕೊಳ್ಳುತ್ತ ಹೋದೆ. ಕೊನೆಯ ಹಾಡು ಇಪ್ಪತ್ತೈದು ನಿಮಿಷಕ್ಕೂ ಹೆಚ್ಚು. ಅದರ ನಡುವೆ ದನಿಯನ್ನು ಯಂತ್ರಕ್ಕೆ ಕೊಟ್ಟು ಆಟೋಟ್ಯೂನಿನಲ್ಲಿ ಎಳೆದು ತಿರುಚಿದ ಭಾಗವೊಂದಿದೆ. ಅದು ಬಂದಾಗ ಅಣ್ಣ ತನ್ನ ಕಿವಿಯದ್ದನ್ನು ತೆಗೆದು ನನ್ನ ಕೈಗೆ ಕೊಟ್ಟ. "ಇದು ಅವನಲ್ಲ" ಎಂದ. ಎದ್ದು ಕಣದ ಕಡೆ ಹೋದ.

ನಾನು ಎರಡೂ ಕಿವಿಗೆ ಹಾಕಿಕೊಂಡೆ. ಆಗ ಗೊತ್ತಾಯಿತು, ಅಷ್ಟು ಹೊತ್ತೂ ನಾನು ಕೇಳಿದ್ದು ಅರ್ಧವನ್ನು ಮಾತ್ರ. ಎಡಗಡೆ ಬಾರದ ಎಷ್ಟೋ ಸದ್ದುಗಳು ಬಲಗಡೆಯಿದ್ದವು. ಬಲಗಡೆ ಇಲ್ಲದ ಎಷ್ಟೋ ನನ್ನ ಕಡೆಯಿದ್ದವು. ಇಲಿನಾಯನ್ನೂ ನಾವು ಹೀಗೆಯೇ ಹಂಚಿಕೊಂಡು ಕೇಳಿದ್ದೆವು, ಅಲ್ಲಿ ಇದು ತೊಡಕಾಗಿರಲಿಲ್ಲ, ಆ ದನಿ ನಡುವೆ ಇರುತ್ತಿತ್ತು, ಇಬ್ಬರಿಗೂ ಸಿಗುತ್ತಿತ್ತು. ಇಲ್ಲಿ ಆ ನಡುವನ್ನೇ ಆತ ಮುಳುಗಿಸಿದ್ದ.

ರಾತ್ರಿ ಮಡಿಕೇರಿಗೆ ಹೋದೆವು, ದಶಮಂಟಪ ನೋಡಲು. ನೋಡಿದವರಿಗೆ ಹೇಳಬೇಕಾಗಿಲ್ಲ. ಟ್ರ್ಯಾಕ್ಟರಿನ ಮೇಲೆ ಮನೆಯೆತ್ತರದ ರಾಕ್ಷಸರು, ಕೈಕಾಲು ಆಡಿಸುವ ದೇವರುಗಳು, ಹೊಗೆ, ಬಣ್ಣದ ದೀಪ, ಎದೆಗೂಡನ್ನೇ ಗುದ್ದುವ ಸ್ಪೀಕರುಗಳು. ಹತ್ತು ಮಂಟಪ, ಹತ್ತು ಕಥೆ, ಎಲ್ಲವೂ ಒಂದೇ ಬೀದಿಯಲ್ಲಿ ಒಂದೇ ಸಲಕ್ಕೆ ಕೂಗುತ್ತ ಬೆಳಗಿನ ತನಕ. ಅಣ್ಣ ಅಲ್ಲಿ ಬೆವರು ಸುರಿಯುವ ತನಕ ಕುಣಿದ. ನಸುಕಿನಲ್ಲಿ ಚಹಾ ಕುಡಿಯುವಾಗ ನಾನು ಕೇಳಿಯೇಬಿಟ್ಟೆ.

"ಅಣ್ಣ, ಇಷ್ಟು ಸದ್ದಿಗೆ ರಾತ್ರಿಯಿಡೀ ಕುಣಿದೆ. ಆ ಆಲ್ಬಮ್ಮಿನ ಸದ್ದು ಮಾತ್ರ ಯಾಕೆ ಬೇಡ?"

ಅವನು ಲೋಟ ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದ. "ಮಂಟಪ ಮಂಟಪವಾಗಿಯೇ ಬರುತ್ತದೆ, ನಾನು ಮಂಟಪಕ್ಕೇ ಹೋಗುತ್ತೇನೆ. ಇವನು ನಮ್ಮ ಮನೆ ಜಗಲಿಯಲ್ಲಿ ಕುಳಿತು ಮಾತಾಡುತ್ತಿದ್ದವನು. ಇವತ್ತು ಎದ್ದು ನಿಂತು ಮೈಕು ಹಿಡಿದು ಕೂಗುತ್ತಿದ್ದಾನೆ. ಯಾರಿಗೆ ಕೂಗುತ್ತಿದ್ದಾನೆ? ಇಷ್ಟು ಹತ್ತಿರ ಇದ್ದೇನಲ್ಲ ನಾನು."

ಯಾರು ಅವನು?

'ಇದು ಅವನಲ್ಲ' ಎಂಬ ಮಾತನ್ನು ಸುಳ್ಳು ಮಾಡುವುದು ಸುಲಭವಿತ್ತು, ನಾನು ಮಾಡಿದೆ. 2001ರಲ್ಲೇ ಆತ ಚೀನೀ ರಾಶಿಚಕ್ರದ ಪ್ರಾಣಿಗಳನ್ನಿಟ್ಟುಕೊಂಡು ಪೂರ್ತಿ ಎಲೆಕ್ಟ್ರಾನಿಕ್ ಸದ್ದಿನ ಆಲ್ಬಂ ಮಾಡಿದ್ದ. 2009ರಲ್ಲಿ ಬಂದದ್ದು ಬ್ರೂಕ್ಲಿನ್ನಿನ ಒಂದು ಹೆದ್ದಾರಿಯ ಮೇಲೆ ಕಟ್ಟಿದ ವಾದ್ಯಮೇಳದ ಕೃತಿ, ಅದರಲ್ಲಿ ಹಾಡೇ ಇರಲಿಲ್ಲ. ಐವತ್ತು ರಾಜ್ಯಗಳ ಮಾತು ಪ್ರಚಾರದ ತಂತ್ರವಾಗಿತ್ತು ಎಂದು ಆತನೇ ಒಪ್ಪಿಕೊಂಡಿದ್ದ. ಗಿಟಾರ್ ಹಿಡಿದ ಮೆಲುದನಿಯವನು ಅವನ ಒಂದು ಮುಖ ಮಾತ್ರ, ಅದನ್ನೇ ಪೂರ್ತಿ ಮನುಷ್ಯ ಎಂದುಕೊಂಡದ್ದು ನಮ್ಮ ತಪ್ಪು. ಇವನ್ನೆಲ್ಲ ಒಂದೊಂದಾಗಿ ಅಣ್ಣನ ಮುಂದಿಟ್ಟೆ. ಅವನು ಯಾವುದನ್ನೂ ಅಲ್ಲಗಳೆಯಲಿಲ್ಲ. ನಲವತ್ತೆಂಟರ ವಿಷಯಕ್ಕೆ ಬಂದಾಗ ಮಾತ್ರ, "ಅದು ನನಗೂ ಗೊತ್ತು" ಎಂದು ಬೇರೆ ಕಡೆ ನೋಡಿದ.

ಆಲ್ಬಮ್ಮಿನ ಹೊದಿಕೆಯ ಚಿತ್ರದ ಕಥೆಯನ್ನೂ ಹೇಳಿದೆ. ಅದು ಲೂಸಿಯಾನ ರಾಜ್ಯದ ಬಾಲ್ಡ್‌ವಿನ್ ಎಂಬ ಊರಿನ ರಾಯಲ್ ರಾಬರ್ಟ್‌ಸನ್ ಬರೆದದ್ದು. ಕಸುಬಿನಲ್ಲಿ ಬೋರ್ಡ್ ಬರೆಯುವವನು. ತೀವ್ರವಾದ ಸ್ಕಿಜೋಫ್ರೇನಿಯಾ. ಹಲವು ವರ್ಷ ಸಂಸಾರ ಮಾಡಿದ ಹೆಂಡತಿ ಅಡೆಲ್ ಬಿಟ್ಟುಹೋದ ಮೇಲೆ ಆತ ತನ್ನನ್ನು ಪ್ರವಾದಿ ಎಂದು ಕರೆದುಕೊಂಡ, ಮನೆಯ ಒಳಹೊರಗೆಲ್ಲ ಬೋರ್ಡುಗಳನ್ನು ತುಂಬಿದ. ಆಕಾಶನೌಕೆಗಳು, ಪ್ರಳಯ, ಬೈಬಲ್ಲಿನ ಲೆಕ್ಕಾಚಾರ, ಹೆಂಗಸರ ಮೇಲಿನ ಬೈಗುಳ. 1997ರಲ್ಲಿ ತೀರಿಕೊಂಡ. ಆ ಚಿತ್ರಗಳನ್ನು ನಾನು ಎಷ್ಟೋ ಹೊತ್ತು ನೋಡಿದ್ದೇನೆ. ಅಕ್ಷರಗಳು ಮಾತ್ರ ಎಲ್ಲೂ ನಡುಗಿಲ್ಲ, ಬೋರ್ಡ್ ಬರೆದು ಪಳಗಿದ ಕೈ. ಲೋಕ ಮುಳುಗುತ್ತಿದೆ ಎಂದು ಬರೆಯುವಾಗಲೂ ಗೆರೆ ನೇರವಾಗಿದೆ. ಸುಫ್ಯಾನನ ಆಲ್ಬಮ್ಮಿನಲ್ಲಿ ನನಗೆ ಹಿಡಿಸಿದ್ದು ಇದೇ. ಒಳಗೆ ಎಲ್ಲವೂ ಕುಸಿಯುತ್ತಿದೆ, ಆದರೆ ಕೊಳಲಿನ ಒಂದೊಂದು ಸ್ವರವೂ ತನ್ನ ಜಾಗದಲ್ಲಿದೆ.

ಅಣ್ಣ ಇದಕ್ಕೂ ತಲೆದೂಗಿದ, ಆಮೇಲೆ ಒಂದು ಮಾತು ಹೇಳಿದ. "ಆ ಪುಣ್ಯಾತ್ಮನಿಗೆ ಬೇರೆ ದಾರಿ ಇರಲಿಲ್ಲ. ಇವನಿಗೆ ಇತ್ತು. ಮೊದಲ ಹಾಡು ನೋಡು, ಕೊನೆಯ ಹಾಡಿನ ಕೊನೆಯ ಮೂರು ನಿಮಿಷ ನೋಡು. ಅದೇ ಗಿಟಾರ್, ಅದೇ ದನಿ. ಮುಂಬಾಗಿಲೂ ಹಿಂಬಾಗಿಲೂ ನಾನು ಬಲ್ಲ ಮನೆಯದ್ದೇ. ನಡುವೆ ಮನೆಯನ್ನೇ ಕೆಡವಿಟ್ಟಿದ್ದಾನೆ."

ಇದನ್ನು ಹೇಳಲು ಅವನು ಕೊನೆಯ ತನಕ ಕೇಳಿರಬೇಕಲ್ಲ. ಕೇಳಿದ್ದ. ಬೆಂಗಳೂರಿಗೆ ಮರಳಿದ ಮೇಲೆ ಎಂಟು ಸಲ, ಪ್ರತಿ ಸಲವೂ ಮೊದಲಿನಿಂದ ಕೊನೆಯ ತನಕ, ಎಪ್ಪತ್ತೈದು ನಿಮಿಷದ ಆಲ್ಬಂ. ಇಷ್ಟವಾಗಲಿ ಎಂದು ಕೇಳಿದ್ದ. ಆಗಲಿಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ದಿನಗಳಲ್ಲಿ ನಾನು ಆ ಆಲ್ಬಮ್ಮಿನ ಪರವಾಗಿ ವಾದಿಸಿದಷ್ಟು ಅದನ್ನು ಕೇಳಿರಲಿಲ್ಲ. ನನಗೆ ಬೇಕಾಗಿದ್ದದ್ದು ಹೊಸತನದ ಕಡೆ ನಿಲ್ಲುವುದು. ಅಷ್ಟು ವರ್ಷ ಅಣ್ಣ ತಂದುಕೊಟ್ಟದ್ದನ್ನೇ ಕೇಳಿಕೊಂಡು ಬಂದವನಿಗೆ, ಅವನಿಗೆ ಹಿಡಿಸದ ಒಂದು ವಸ್ತು ಸಿಕ್ಕಿತ್ತು. ಅದು ನನ್ನದು ಎಂದು ಹಿಡಿದುಕೊಂಡೆ. ಬೇಡವೆಂದವನು ಎಂಟು ಸಲ ಕೇಳಿದ, ಬೇಕೆಂದವನು ಎರಡು ಸಲ. ಹೊಸ ಪ್ರಯೋಗಗಳ ಬಗ್ಗೆ ಜನ ಇಬ್ಭಾಗವಾದಾಗಲೆಲ್ಲ ಮೆಚ್ಚಿದವರನ್ನು ತೆರೆದ ಮನಸ್ಸಿನವರೆಂದೂ ಮೆಚ್ಚದವರನ್ನು ಹಳೆಯದಕ್ಕೆ ಜೋತುಬಿದ್ದವರೆಂದೂ ಬರೆಯುವುದನ್ನು ಓದುತ್ತೇನೆ. ಓದುವಾಗೆಲ್ಲ ಆ ಎಂಟು ಸಲ ನೆನಪಾಗುತ್ತದೆ. ಪ್ರೀತಿಯಿಂದ ಬೇಡವೆನ್ನುವುದಕ್ಕೆ ಬಹಳ ದುಡಿಮೆ ಬೇಕು.

ಸರ್ಪಸುತ್ತು

ಆ ಆಲ್ಬಂ ನಿಜವಾಗಿ ನನ್ನದಾದದ್ದು 2013ರ ಆಟಿಯಲ್ಲಿ. ಎಡಪಕ್ಕೆಯ ಮೇಲೆ ಉರಿ ಶುರುವಾಯಿತು, ಎರಡು ದಿನಕ್ಕೆ ಬೆನ್ನಿನಿಂದ ಹೊಟ್ಟೆಯ ತನಕ ಪಟ್ಟಿಯ ಹಾಗೆ ಗುಳ್ಳೆ ಎದ್ದವು. ನೋಡಿದ ತಕ್ಷಣ ಅಮ್ಮ "ಸರ್ಪಸುತ್ತು" ಎಂದರು. ಹಾವಿನ ತಲೆ ಬಾಲ ಕೂಡಿದರೆ ಉಳಿಯುವುದಿಲ್ಲ ಎಂದು ಹೆದರಿ ಬಲ್ಲವರೊಬ್ಬರನ್ನು ಕರೆಸಿ ಕಾವಿ ಹಚ್ಚಿಸಿದರು. ವೈದ್ಯರು ಮಾತ್ರೆ ಕೊಟ್ಟರು. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸೇ ನರದ ಬುಡದಲ್ಲಿ ಮಲಗಿದ್ದು ಎಷ್ಟೋ ವರ್ಷದ ಮೇಲೆ ಎದ್ದು ಬರುತ್ತದೆ ಎಂದು ವಿವರಿಸಿದರು. ಗುಳ್ಳೆ ಒಣಗಿದವು, ನೋವು ಹೋಗಲಿಲ್ಲ. ಅಂಗಿಯ ಬಟ್ಟೆ ತಾಗಿದರೆ ಕಾದ ತಂತಿ ಎಳೆದ ಹಾಗೆ. ಗಾಳಿ ಬೀಸಿದರೂ ನೋವು. ಮೇಲೆ ನೋಡಿದರೆ ಏನೂ ಇಲ್ಲದ ಚರ್ಮ, ಒಳಗೆ ನರವೊಂದು ತನ್ನಷ್ಟಕ್ಕೆ ಹೊತ್ತಿ ಉರಿಯುತ್ತಿದೆ. ಹೊರಗೆ ಆಟಿಯ ಮಳೆ, ಕೊಳೆತ ಎಲೆಯ ವಾಸನೆ, ಹಗಲಲ್ಲೂ ದೀಪ ಬೇಕಾದ ಕತ್ತಲೆ.

ಸಮಾಧಾನಕ್ಕೆಂದು ಇಲಿನಾಯ್ ಹಾಕಿಕೊಂಡೆ. ಸಹಿಸಲು ಆಗಲಿಲ್ಲ. ಆ ಮೆದುತನ ನನ್ನ ಮೈಗೆ ಸುಳ್ಳು ಹೇಳಿದಂತಿತ್ತು. ಒಂದು ರಾತ್ರಿ ನಿದ್ದೆ ಬಾರದೆ, ಬಲಮಗ್ಗುಲಿಗೆ ಕದಲದೆ ಮಲಗಿ, ಆಡ್ಸ್ ಆಲ್ಬಮ್ಮಿನ ಹತ್ತನೆಯ ಹಾಡನ್ನು ಕೇಳಿದೆ. ಗುಣವಾಗಬೇಕು ಎಂಬುದಷ್ಟೇ ಅದರ ಹೆಸರು, ಅದಷ್ಟೇ ಅದರ ಮಾತು. ಕೊಳಲುಗಳು ಜ್ವರದವನ ಉಸಿರಿನಂತೆ ಪಟಪಟನೆ ಬಡಿದುಕೊಳ್ಳುತ್ತವೆ, ತಾಳ ಓಡುತ್ತದೆ, ದನಿ ಅದರ ಹಿಂದೆ ಬೀಳುತ್ತ ಏಳುತ್ತ ಬರುತ್ತದೆ. ಕೊನೆಯಲ್ಲಿ ಆ ಸಭ್ಯ ಮನುಷ್ಯ ಬೈಗುಳ ಸೇರಿಸಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ. ಆ ಆಲ್ಬಂ ಮಾಡುವ ಮುಂಚೆ ಆತ ನರಗಳಿಗೆ ತಗುಲಿದ ವೈರಸ್ಸಿನಿಂದ ತಿಂಗಳುಗಟ್ಟಲೆ ನರಳಿದ್ದ ಎಂಬುದನ್ನು ಹಿಂದೆಯೇ ಓದಿದ್ದೆ, ಅಣ್ಣನ ಮುಂದೆ ವಾದಕ್ಕೆ ಬಳಸಿಯೂ ಇದ್ದೆ. ಆವತ್ತು ಅದು ಮಾಹಿತಿಯಾಗಿ ಉಳಿಯಲಿಲ್ಲ. ನನ್ನ ಪಕ್ಕೆಯಲ್ಲಿ ನಡೆಯುತ್ತಿದ್ದುದಕ್ಕೆ ಯಾವ ಭಾಷೆಯಲ್ಲೂ ಮಾತಿರಲಿಲ್ಲ, ಅಲ್ಲಿ ಅದರ ಸದ್ದಿತ್ತು. ಎಡಕ್ಕೊಂದು ಕಿಡಿ, ಬಲಕ್ಕೊಂದು ಕಿಡಿ, ಯಾವುದಕ್ಕೂ ಕಾರಣವಿಲ್ಲ, ಎಲ್ಲವೂ ಅತಿ.

ವಾರ ಕಳೆದು ಅಣ್ಣ ನೋಡಲು ಬಂದಾಗ ಇದನ್ನೆಲ್ಲ ಹೇಳಿದೆ. ಅವನು ಮಂಚದ ಅಂಚಿನಲ್ಲಿ ಹಾಸಿಗೆ ಅಲುಗದ ಹಾಗೆ ಕುಳಿತು ಕೇಳಿಸಿಕೊಂಡ. "ನೋವಿನಲ್ಲಿ ಇರುವವನಿಗೆ ಮಾತ್ರ ಹಿಡಿಸುವುದಾದರೆ ಅದು ಸಂಗೀತವಲ್ಲ, ಔಷಧ" ಎಂದ. ಕಟುವಾಗಿ ಅಲ್ಲ, ನಿಜವಾಗಿಯೂ ಯೋಚಿಸಿ ಹೇಳಿದ.

ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಅದು ಆಟಿ ಹದಿನೆಂಟರ ಮರುದಿನ. ತಲೆದಿಂಬಿನ ಪಕ್ಕದ ಸ್ಟೂಲಿನ ಮೇಲೆ ದೊಡ್ಡಮ್ಮ ಕೊಟ್ಟು ಕಳಿಸಿದ ಮದ್ದು ಸೊಪ್ಪಿನ ಪಾಯಸ ಇತ್ತು, ಮಸಿಯಂಥ ಕಡುನೇರಳೆ ಬಣ್ಣ. ಕೊಡವರು ಕಕ್ಕಡ ಎನ್ನುವ, ನಮ್ಮ ಅರೆಭಾಷೆಯ ಮನೆಗಳಲ್ಲಿ ಆಟಿ ಎನ್ನುವ ಈ ತಿಂಗಳ ಹದಿನೆಂಟನೆಯ ದಿನ ಆ ಸೊಪ್ಪಿಗೆ ಹದಿನೆಂಟು ಬಗೆಯ ಮದ್ದಿನ ಗುಣ ಬಂದು ಸೇರುತ್ತದೆ ಎಂದು ನಂಬಿಕೆ. ಹೊಳೆಯ ಬದಿಯಲ್ಲಿ, ತೋಟದ ನೆರಳಿನಲ್ಲಿ ವರ್ಷವಿಡೀ ಇರುವ ಗಿಡವೇ ಅದು. ಉಳಿದ ದಿನ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಆ ದಿನಗಳಲ್ಲಿ ಅದರ ಪಕ್ಕ ನಡೆದರೆ ಪರಿಮಳ ಬರುತ್ತದೆ. ಬೇಯಿಸಿದರೆ ನೀರೆಲ್ಲ ನೇರಳೆಯಾಗುತ್ತದೆ.

ಕೆಲವು ಸಂಗೀತ ಹಾಗೆಯೇ ಇರಬಹುದು ಎಂದು ನನಗೆ ಆ ಮಂಚದ ಮೇಲೆ ಅನ್ನಿಸಿತು. ಇಲಿನಾಯ್ ಅನ್ನ, ಯಾವ ದಿನ ಬಡಿಸಿದರೂ ಉಣ್ಣಬಹುದು. ಇದು ಆ ಸೊಪ್ಪು. ಅಣ್ಣ ಎಂಟು ಸಲ ಬೇಯಿಸಿ ನೋಡಿದ, ಅವನ ತಿಥಿ ಬಂದಿರಲಿಲ್ಲ. ಈ ಹೋಲಿಕೆಯನ್ನು ವರ್ಷಗಟ್ಟಲೆ ಜೋಪಾನವಾಗಿ ಇಟ್ಟುಕೊಂಡಿದ್ದೆ. ಈಗ ಅದರಲ್ಲೂ ಒಂದು ತೊಂದರೆ ಕಾಣುತ್ತದೆ. ಎಲ್ಲವನ್ನೂ ಕೇಳುವವನ ತಿಥಿಗೆ ಬಿಟ್ಟರೆ ಯಾವ ಹಾಡನ್ನೂ ಚೆನ್ನಾಗಿಲ್ಲ ಎನ್ನುವ ಹಾಗಿಲ್ಲ. ಹಾಗಲ್ಲ, ಅದರಲ್ಲಿ ನಿಜವಾಗಿಯೂ ದಣಿಸುವ ಜಾಗಗಳಿವೆ. ಆರನೆಯ ಹಾಡಿನಲ್ಲಿ ಹೇಳಬೇಕಾದದ್ದು ಮುಗಿದ ಮೇಲೂ ಸದ್ದು ನಿಲ್ಲುವುದಿಲ್ಲ, ನನಗೆ ಈಗಲೂ ಅದನ್ನು ದಾಟಿ ಹೋಗಬೇಕೆನ್ನಿಸುತ್ತದೆ. ಅದರ ಹಿಂದಿನದು, ವಯಸ್ಸಾಗುವುದರ ಬಗೆಗಿನ ಐದನೆಯ ಹಾಡು, ನೀರಿನಡಿಯಿಂದ ಯಾರೋ ಗುಂಪಾಗಿ ಹಾಡಿದ ಹಾಗಿದೆ. ಅದಕ್ಕೆ ಯಾವ ತಿಥಿಯೂ ಬೇಡ. ಎಂಟನೆಯದರಲ್ಲಿ ಆತ ಜ್ವಾಲಾಮುಖಿಯ ಬಾಯಲ್ಲಿ ನಿಂತು ತನ್ನನ್ನು ತಾನೇ ಹೆಸರು ಹಿಡಿದು ಕರೆದು ಬುದ್ಧಿ ಹೇಳಿಕೊಳ್ಳುತ್ತಾನೆ. ಅಲ್ಲಿ ಸದ್ದಿನ ಒಂದು ಚೂರನ್ನು ತೆಗೆದರೂ ಹಾಡು ಕುಸಿಯುತ್ತದೆ.

ಮರಳಿ ಬಂದವನು

2015ರ ಮಾರ್ಚಿನಲ್ಲಿ 'ಕ್ಯಾರಿ ಅಂಡ್ ಲೊವೆಲ್' ಬಂತು. ತೀರಿಕೊಂಡ ತಾಯಿಯ ಬಗ್ಗೆ ಸುಫ್ಯಾನ್ ಮಾಡಿದ ಆಲ್ಬಂ. ಹೆಚ್ಚುಕಡಿಮೆ ಬರೀ ಗಿಟಾರ್, ಉಸಿರಿನಷ್ಟು ಸಣ್ಣ ದನಿ. 2010ರಲ್ಲಿ ಬಿಟ್ಟುಹೋದವರೆಲ್ಲ ಮರಳಿದರು. ಅಣ್ಣ ಆಗ ಬೆಂಗಳೂರು ಬಿಟ್ಟು ತೋಟ ನೋಡಿಕೊಳ್ಳಲು ಊರಿಗೆ ಬಂದಿದ್ದ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿದ್ದ ವಾರ ಅದು, ಕಾಫಿ ಹೂವಿನ ವಾಸನೆ ಮನೆಯೊಳಗೆ ತುಂಬಿಕೊಂಡಿತ್ತು. ಸಂಜೆ ನಮ್ಮ ಜಗಲಿಗೆ ಬಂದು ಮೊಬೈಲನ್ನು ಕಂಬಕ್ಕೆ ಒರಗಿಸಿಟ್ಟು ಹಾಕಿದ. ಮೂರು ಹಾಡು ಮುಗಿಯುವ ತನಕ ಯಾರೂ ಮಾತಾಡಲಿಲ್ಲ. "ನೋಡು, ನೋವನ್ನು ಹೀಗೆ ಹೇಳಬೇಕು" ಎಂದ.

ದೊಡ್ಡಮ್ಮ ಹೋಗಿ ಆಗ ನಾಲ್ಕು ತಿಂಗಳಾಗಿತ್ತು.

ಇದೂ ಔಷಧವೇ ಅಲ್ಲವೇ ಅಣ್ಣ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಆ ಆಲ್ಬಂ ಚೆಲುವಾಗಿದೆ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದನ್ನು ಕೇಳುತ್ತ ನನಗೆ ಅನ್ನಿಸಿದ್ದು, ಐದು ವರ್ಷ ಹಿಂದೆ ಹಾಗೆ ಕೂಗಿರದಿದ್ದರೆ ಆತ ಈಗ ಇಷ್ಟು ಮೆಲ್ಲಗೆ ಮಾತಾಡಲು ಆಗುತ್ತಿರಲಿಲ್ಲ ಎಂದು. ಇಲಿನಾಯಿನ ಮೆಲುದನಿಯಲ್ಲಿ ಹೇಳುವುದಕ್ಕೆ ಊರುಗಳ ಕಥೆಯಿತ್ತು, ಬೇರೆಯವರ ಸಾವುಗಳಿದ್ದವು. ಇಲ್ಲಿ ಮುಚ್ಚಿಕೊಳ್ಳಲು ಏನೂ ಉಳಿದಿಲ್ಲ. ನಡುವಿನ ಮನೆಯನ್ನು ಕೆಡವಿದ ಮೇಲೆ ಸಿಕ್ಕ ಬಯಲು ಇದು. ಅಣ್ಣ ಇದನ್ನು ಒಪ್ಪುವುದಿಲ್ಲ ಎಂದು ಗೊತ್ತು. ಅವನ ಪ್ರಕಾರ ದಾರಿ ತಪ್ಪಿದವನು ದಾರಿಗೆ ಬಂದ, ಅಷ್ಟೇ.

ಮೂರ್ನಾಡಿನಿಂದ ಮಡಿಕೇರಿಗೆ

ಅಜ್ಜ ನಮ್ಮ ನೆರೆಯ ಕೊಡವರು. ಎಂಬತ್ತು ದಾಟಿದೆ. ಆವತ್ತು ಅವರನ್ನು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯುತ್ತಿದ್ದೆವು. ಸುಗ್ಗಿಹಬ್ಬ ಪುತ್ತರಿಗೆ, ಮದುವೆಗೆ ದುಡಿ ಎಂಬ ಸಣ್ಣ ಚರ್ಮವಾದ್ಯ ಹಿಡಿದು ಹಾಡುತ್ತಿದ್ದವರು, ಬೆಳಗಾಗುವ ತನಕ ಹಾಡಬಲ್ಲ ಗಂಟಲು ಎಂದು ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಅಣ್ಣನ ಕೈಯನ್ನು ತಡೆದು ಅವರು ಇರಲಿ ಎಂದದ್ದು ಆ ಇಪ್ಪತ್ತೈದು ನಿಮಿಷದ ಹಾಡನ್ನು. ಅಷ್ಟು ಉದ್ದವಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಅದು ಅವರಿಗೆ ಉದ್ದ ಅನ್ನಿಸುತ್ತಿರಲಿಲ್ಲ.

ಹಾಕತ್ತೂರು ಬರುವ ಹೊತ್ತಿಗೆ ಮಳೆ ಜೋರಾಯಿತು. ಎದುರಿನ ಬಸ್ಸಿನ ದೀಪ ಮಾತ್ರ ಕಾಣುತ್ತಿತ್ತು. ಅಣ್ಣ ಎರಡನೆಯ ಗೇರಿನಲ್ಲಿ ಹೋಗುತ್ತಿದ್ದ. ಹಾಡಿನಲ್ಲಿ ಹೆಂಗಸಿನ ದನಿ ಬಂದು ಹೋಯಿತು, ಆಮೇಲೆ ಆ ಯಂತ್ರದ ಭಾಗ ಬಂತು, 2010ರಲ್ಲಿ ಅಣ್ಣ ಕಿವಿಯಿಂದ ಕಿತ್ತು ಕೊಟ್ಟಿದ್ದ ಭಾಗ. ಒಂದೇ ದನಿ ಹಲವು ದನಿಗಳಾಗಿ ಒಡೆದು ಒಂದರ ಮೇಲೊಂದು ಜಾರುತ್ತಿತ್ತು. ಅಜ್ಜ ಮುಂದಕ್ಕೆ ಬಾಗಿ ನಮ್ಮಿಬ್ಬರ ಸೀಟುಗಳ ನಡುವೆ ತಲೆಯಿಟ್ಟರು.

"ಇದು ಎಷ್ಟು ಜನ?"

"ಒಬ್ಬನೇ, ಅಜ್ಜ. ಯಂತ್ರದಿಂದ ಹಾಗೆ ಮಾಡಿದ್ದಾನೆ."

"ಒಬ್ಬನೇ?" ಅವರು ಸ್ವಲ್ಪ ಹೊತ್ತು ಕೇಳಿದರು. "ನಮ್ಮಲ್ಲಿ ನಾಲ್ಕು ಜನ ಬೇಕು. ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಹೇಳಬೇಕು. ಆಗ ಹಾಡಿದವನಿಗೂ ತಾನು ಹೇಳಿದ್ದು ಕೇಳಿಸುತ್ತದೆ." ಮತ್ತೆ ಹಿಂದಕ್ಕೆ ಒರಗಿದರು. "ಪಾಪ, ಇವನಿಗೆ ಮೂರು ಜನ ಸಿಗಲಿಲ್ಲ."

ಅಣ್ಣ ಏನೂ ಹೇಳಲಿಲ್ಲ. ಕನ್ನಡಿಯಲ್ಲಿ ಅಜ್ಜನನ್ನು ಒಂದು ಸಲ ನೋಡಿದ. ಮೇಕೇರಿಯ ಹತ್ತಿರ ಹಾಡು ಕುಣಿತಕ್ಕೆ ತಿರುಗಿತು, ಗುಂಪು, ಚಪ್ಪಾಳೆ, ಒಂದೇ ಸಾಲು ಮತ್ತೆ ಮತ್ತೆ. ಹಿಂದಿನ ಸೀಟಿನಲ್ಲಿ ಅಜ್ಜನ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು, ಹಾಡಿನ ತಾಳವಲ್ಲ, ಅದಕ್ಕಿಂತ ನಿಧಾನವಾದ ಬೇರೊಂದು. ಎರಡೂ ಎಲ್ಲೋ ಒಂದು ಕಡೆ ಕೂಡಿಕೊಳ್ಳುತ್ತಿದ್ದವು, ಮತ್ತೆ ಬೇರೆಯಾಗುತ್ತಿದ್ದವು.

ಆಸ್ಪತ್ರೆಯ ಮುಂದೆ ಕಾರು ನಿಂತಾಗ ಉಳಿದಿದ್ದದ್ದು ಆ ಕೊನೆಯ ಗಿಟಾರ್. ಮಳೆ ಕಾರಿನ ತಗಡಿನ ಮೇಲೆ ಬೀಳುತ್ತಿತ್ತು, ದನಿ ಅದರಡಿಯಲ್ಲಿ ಕೇಳಿಯೂ ಕೇಳದ ಹಾಗೆ ಇತ್ತು. ನಾನು ಕೊಡೆ ತೆಗೆದುಕೊಂಡು ಬಾಗಿಲಿಗೆ ಕೈ ಹಾಕಿದೆ. ಅಜ್ಜ ಇಳಿಯುವ ಲಕ್ಷಣ ಕಾಣಲಿಲ್ಲ, ಕಣ್ಣು ಮುಚ್ಚಿ ಕುಳಿತಿದ್ದರು. ಅಣ್ಣ ವೈಪರ್ ನಿಲ್ಲಿಸಿದ. ಕೀಲಿಯ ಮೇಲೆ ಅವನ ಕೈ ಇತ್ತು, ತಿರುಗಿಸಲಿಲ್ಲ.